ಸಾಲ್ಕಾ ಹಿಂದಿರುಗಿಸಿದ ಕೀಲಿ

ಕಾಲ್ದವಿಕ್,
ಬೇಸಿಗೆಯ ಮೊದಲ ದಿನ, ಏಪ್ರಿಲ್

ನನ್ನ ಮುದ್ದಿನ ಏದಿಸ್,

ಕ್ಯಾಲೆಂಡರ್ ಇವತ್ತಿನಿಂದ ಬೇಸಿಗೆ ಎನ್ನುತ್ತಿದೆ, ಕಿಟಕಿಯಾಚೆ ಹಿಮ ಬೀಳುತ್ತಿದೆ. ಮಕ್ಕಳ ಮೆರವಣಿಗೆ ಮಾತ್ರ ನಿಲ್ಲಲಿಲ್ಲ. ನಿನ್ನ ಮಗಳು ಸಾಲ್ಕಾ ಬಾವುಟ ಹಿಡಿದು ಬಂದರಿನ ತನಕ ನಡೆದಳು. ಈಗ ಒದ್ದೆ ಕಾಲುಚೀಲಗಳನ್ನು ಅಡುಗೆಮನೆಯ ಬೆಂಚಿನ ಮೇಲೆ ಕಳಚಿ ಎಸೆದು ಪಕ್ಕದ ಮನೆಗೆ ಆಡಲು ಹೋಗಿದ್ದಾಳೆ. ಅವಳು ಬರುವಷ್ಟರಲ್ಲಿ ನಾನಿದನ್ನು ಬರೆದು ಮುಗಿಸಬೇಕು.

ದಿನಾ ಸಂಜೆ ಫೋನಿನಲ್ಲಿ ಮಾತಾಡುವ ಅಮ್ಮ ಇದ್ದಕ್ಕಿದ್ದಂತೆ ಕಾಗದ ಯಾಕೆ ಬರೆದಳು ಎಂದು ನಿನ್ನ ಎದೆ ಹೊಡೆದುಕೊಳ್ಳಬಹುದು. ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಆಮೇಲೆ ಅಳುತ್ತೀಯ. ನಾನು ಹೇಳಬೇಕಾದ್ದನ್ನು ನುಂಗಿಕೊಂಡು ಹವಾಮಾನದ ಮಾತು ತೆಗೆಯುತ್ತೇನೆ. ಕಾಗದದ ಜೊತೆ ನೀನು ಜಗಳವಾಡುವಂತಿಲ್ಲ.

ವಿಷಯ ಇಷ್ಟು. ಸೋಮವಾರ ಶಾಲೆಯ ಮುಖ್ಯಶಿಕ್ಷಕಿ ನನಗೆ ಫೋನ್ ಮಾಡಿದ್ದರು. ಈಜುಕೊಳದಲ್ಲಿ ಮೈ ತೊಳೆದು ಬಟ್ಟೆ ಬದಲಿಸಲು ಸಾಲ್ಕಾಳಿಗೆ ಕೊಟ್ಟ ಬೇರೆ ಕೋಣೆಯನ್ನು ಹಾಗೇ ಉಳಿಸಬೇಕು, ಮೇ ತಿಂಗಳ ಈಜು ಪರೀಕ್ಷೆಯಿಂದ ಅವಳನ್ನು ಬಿಡಬೇಕು ಎಂದು ನೀನು ಡೆನ್ಮಾರ್ಕಿನಿಂದ ಬರೆದಿದ್ದೀಯಂತೆ. "ನಾನೇನ್ ಮಾಡ್ಲಿ, ಸೋಲ್ವೇಗ್?" ಎಂದರು. "ನಿಮ್ ಮೊಮ್ಮಗಳು ಆ ಕೋಣೆ ಕೀಲಿ ವಾಪಸ್ ಕೊಟ್ಟು ತಿಂಗಳಾಗ್ತಾ ಬಂತು. ಪರೀಕ್ಷೆಗೆ ಅವಳೇ ಹೆಸರು ಕೊಟ್ಟಿದಾಳೆ. ತಾಯಿ ಬೇಡ ಅಂದ್ಮೇಲೆ ನಾನು ಹೂಂ ಅನ್ನೋ ಹಾಗಿಲ್ಲ." ನಾನು ಅವರಿಗೆ ಸ್ವಲ್ಪ ತಡೆಯಿರಿ, ನನ್ನ ಮಗಳಿಗೆ ಬರೆಯುತ್ತೇನೆ ಎಂದಿದ್ದೇನೆ. ಅವಳು ನೀರಿಗಿಳಿಯಬೇಕೋ ಬೇಡವೋ ಎಂಬುದು ಈಗ ನಿನ್ನ ಒಂದು ಮಾತಿನ ಮೇಲೆ ನಿಂತಿದೆ. ಆ ಮಾತು ಆಡುವ ಮುನ್ನ ಇದನ್ನು ಪೂರ್ತಿ ಓದು.

ಕೀಲಿ ಕೊಡಿಸಿದ್ದು ನೀನು. ಯಾಕೆ ಕೊಡಿಸಿದೆ ಎಂದು ನನಗೆ ಗೊತ್ತು. ಆ ಈಸೋಲ್ದ್ ಎಂಬ ಹುಡುಗಿ ಸ್ನಾನದ ಹಾಲ್‌ನಲ್ಲಿ ಅವಳ ದಪ್ಪ ಮೈ ನೋಡಿ ಎಲ್ಲರೆದುರು ನಕ್ಕಳು. ಡಿಸೆಂಬರಿನಲ್ಲಿ ಸಾಲ್ಕಾ ಅಳುತ್ತ ಬಂದದ್ದು, ನೀನು ಕೋಟಿನ ಗುಂಡಿ ಸಹ ಹಾಕದೆ ಶಾಲೆಗೆ ಓಡಿದ್ದು, ಎಲ್ಲ ನನ್ನ ಕಣ್ಣ ಮುಂದೆಯೇ ನಡೆದದ್ದು. ಗಾಲಿಕುರ್ಚಿಯವರಿಗೆಂದು ಇಟ್ಟ ಕೋಣೆಯ ಕೀಲಿಯನ್ನು ಗಿಟ್ಟಿಸಿಕೊಂಡೇ ನೀನು ಮನೆಗೆ ಬಂದೆ. ಆ ದಿನ ನನಗೆ ನಿನ್ನ ಬಗ್ಗೆ ಹೆಮ್ಮೆಯೇ ಆಗಿತ್ತು. ನಾನು ನಿನ್ನ ಜಾಗದಲ್ಲಿದ್ದಿದ್ದರೆ ಆ ಹುಡುಗಿಯ ಅಜ್ಜಿಯ ಜುಟ್ಟು ಹಿಡಿದು ಬರುತ್ತಿದ್ದೆ.

ಆದರೆ ಆ ಕೋಣೆ ಎಲ್ಲಿದೆ ನೆನಪಿದೆಯಲ್ಲ? ಟಿಕೆಟ್ ಮೇಜಿನ ಪಕ್ಕ. ಉಳಿದ ಹುಡುಗಿಯರು ಸ್ನಾನದ ಹಾಲ್‌ನಿಂದ ನೇರ ಕೊಳಕ್ಕೆ ಹೋಗುತ್ತಾರೆ. ನಮ್ಮ ಮಗು ಮಾತ್ರ ಈಜುಡುಗೆಯಲ್ಲಿ, ಒದ್ದೆ ಕಾಲಲ್ಲಿ, ಕಾಫಿ ಕುಡಿಯುತ್ತ ಕೂತ ಗಂಡಸರ ಮುಂದೆ ಹಾದು ಇಡೀ ಮೊಗಸಾಲೆ ದಾಟಬೇಕು. ಹುಟ್ಟಿದಾಗಿನಿಂದ ಹೆಂಗಸರೆಲ್ಲ ಒಟ್ಟಿಗೆ ಬಟ್ಟೆ ಬಿಚ್ಚಿ ಮೈ ತೊಳೆದೇ ಕೊಳಕ್ಕಿಳಿಯುವ ಈ ಊರಲ್ಲಿ ಒಬ್ಬಳೇ ಬಾಗಿಲು ಹಾಕಿಕೊಂಡರೆ ಜನ ಏನೆಂದುಕೊಳ್ಳುತ್ತಾರೆ? ಸಾಲ್ಕಾಳಿಗೆ ಅಂಟುಜಾಡ್ಯ ಇದೆಯಂತೆ ಎಂದು ಕೆಳಗಿನ ತರಗತಿಯವರೂ ಮಾತಾಡಿಕೊಂಡರು. ಜನವರಿಯಲ್ಲಿ ನೀನು ಹಡಗಿನ ಎಂಜಿನ್ ಕಲಿಯಲು ಹೊರಟ ಮೇಲೆ ಪ್ರತಿ ಮಂಗಳವಾರ ಅವಳಿಗೆ ಹೊಟ್ಟೆನೋವು ಶುರುವಾಯಿತು. ಮಂಗಳವಾರ ಈಜಿನ ತರಗತಿ. ಬುಧವಾರ ಬೆಳಗಾಗುತ್ತಲೇ ನೋವು ಮಾಯ.

ಫೆಬ್ರವರಿಯಲ್ಲಿ ಅವಳನ್ನು ಮಂಡಿನೋವಿಗೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದನ್ನು ಫೋನಿನಲ್ಲಿ ನಿನಗೆ ಅರ್ಧ ಹೇಳಿದ್ದೆ. ಉಳಿದರ್ಧ ಈಗ ಹೇಳುತ್ತೇನೆ. ಡಾಕ್ಟರ್ ಬಿರ್ಕಿರ್ ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ, ಆದರೆ ಮನುಷ್ಯ ಒಳ್ಳೆಯವನು. ಬೈಯಲಿಲ್ಲ, ತಕ್ಕಡಿಯ ಕಡೆ ನೋಡಿ ತಲೆ ಅಲ್ಲಾಡಿಸಲಿಲ್ಲ. ಮಂಡಿಗಳು ವಯಸ್ಸಿಗೆ ಮೀರಿದ ಭಾರ ಹೊರುತ್ತಿವೆ ಎಂದ. ಗೊರಕೆಯಿಂದ ನಿದ್ದೆ ಸರಿಯಾಗುತ್ತಿಲ್ಲ, ಅದಕ್ಕೇ ತರಗತಿಯಲ್ಲಿ ತೂಕಡಿಕೆ ಎಂದ. ರಕ್ತದಲ್ಲಿ ಸಕ್ಕರೆ ಗಡಿಯ ಮೇಲೆ ನಿಂತಿದೆ, ಲಿವರಿನಲ್ಲಿ ಕೊಬ್ಬು ಕೂತಿದೆ, ಹೀಗೇ ಬಿಟ್ಟರೆ ಇನ್ನೂ ಹುಡುಗಿಯಾಗಿರುವಾಗಲೇ ಸಕ್ಕರೆ ಕಾಯಿಲೆ ಬರಬಹುದು ಎಂದ. ನಾನು ಕೈಚೀಲದಲ್ಲಿ ಕರವಸ್ತ್ರ ಹುಡುಕತೊಡಗಿದೆ. ಪಕ್ಕದಲ್ಲಿ ಕೂತ ಸಾಲ್ಕಾ ಮಾತ್ರ ಯೋಚನೆ ಮಾಡುತ್ತಿದ್ದಳು.

"ಲಿವರಲ್ಲಿ ಕೊಬ್ಬು ಅಂದ್ರೆ, ನಾನೂ ಅಜ್ಜೀನೂ ಚಳಿಗಾಲಕ್ಕೆ ಅಂತ ಮಾಡ್ತೀವಲ್ಲ, ಹಾಗಾ?" ಎಂದು ಕೇಳಿದಳು. ಪ್ರತಿ ಸೆಪ್ಟೆಂಬರ್ ನನ್ನ ಜೊತೆ ಕೂತು ಕುರಿಯ ಲಿವರ್ ಅರೆದು, ಕೊಬ್ಬಿನ ಚೂರು ಬೆರೆಸಿ, ಹೊಟ್ಟೆಚೀಲಕ್ಕೆ ತುಂಬಿ ಹೊಲಿಯುವ ಹುಡುಗಿ ಅವಳು. ಬಿರ್ಕಿರ್ ನಗು ತಡೆದುಕೊಂಡು "ಹೆಚ್ಚುಕಡ್ಮೆ ಹಾಗೇ" ಎಂದ. "ನಮ್ಮದ್ರಲ್ಲಿ ಒಂದ್ಸಲ ಬೆರೆಸಿದ್ರೆ ಮತ್ತೆ ತೆಗೆಯೋಕಾಗಲ್ಲ. ನನ್ನದ್ರಲ್ಲಿ?" "ನಿನ್ನದ್ರಲ್ಲಿ ಆಗುತ್ತೆ. ಮಕ್ಕಳ ಲಿವರ್ ತುಂಬ ಒಳ್ಳೇದು, ಬೇಗ ಚೇತರಿಸ್ಕೊಳ್ಳುತ್ತೆ." "ಹಾಗಾದ್ರೆ ಹೇಗೆ ಅಂತ ಹೇಳಿ" ಎಂದಳು, ಹೊಸ ಸೈಕಲ್ಲಿನ ಸರಪಳಿ ಹಾಕುವುದು ಹೇಗೆ ಎಂದು ಕೇಳುವವಳಂತೆ. ಹತ್ತು ವರ್ಷದ ಮಗು, ಏದಿಸ್. ನಾನು ಅತ್ತ ತಿರುಗಿ ಮೂಗು ಒರೆಸಿಕೊಂಡೆ.

ಅವನು ಪಥ್ಯ ಹೇಳಲಿಲ್ಲ. ಬೆಳೆಯುವ ಮಗುವನ್ನು ಉಪವಾಸ ಕೆಡವಬಾರದು, ತೂಕ ಇದ್ದಲ್ಲೇ ನಿಂತರೆ ಸಾಕು, ಎತ್ತರ ಬೆಳೆದು ಅದನ್ನು ಹಿಡಿಯುತ್ತದೆ ಎಂದ. ಸಿಹಿ ಪಾನೀಯ ಬಿಡಬೇಕು, ಊಟ ಇಡೀ ಮನೆಯದ್ದು ಬದಲಾಗಬೇಕು, ನಿದ್ದೆ ಬೇಕು. ಬೆಟ್ಟ ಹತ್ತಿದರೆ ಮಂಡಿ ಹಾಳಾಗುತ್ತದೆ, ಆದ್ದರಿಂದ ಈಜಬೇಕು. ನೋಡು, ಎಲ್ಲ ಬಿಟ್ಟು ಈಜೇ.

ಇನ್ನೊಂದು ಮಾತೂ ಹೇಳಿದ, ಅದು ನಿನಗೆ. ಇದು ಯಾರೋ ಒಬ್ಬರ ತಪ್ಪಲ್ಲ, ರಕ್ತದಲ್ಲಿ ಬಂದದ್ದೂ ಇರುತ್ತದೆ, ಅಂಗಡಿಯಲ್ಲಿ ಸಿಕ್ಕಿದ್ದೂ ಇರುತ್ತದೆ, ಉದ್ದದ ಚಳಿಗಾಲವೂ ಇರುತ್ತದೆ ಎಂದ. ಅಂಗಡಿಯಲ್ಲಿ ನಿನ್ನ ಬುಟ್ಟಿಯೊಳಗೆ ಇಣುಕುವವರನ್ನು ನಾನು ನೋಡಿಲ್ಲ ಎಂದುಕೊಂಡಿದ್ದೀಯಾ? ನೀನು ಒಂದು ಪೊಟ್ಟಣ ಬಿಸ್ಕತ್ತು ತೆಗೆದುಕೊಂಡರೆ ಹಿಂದೆ ನಿಂತವಳು ಹುಬ್ಬು ಹಾರಿಸುತ್ತಾಳೆ. ಅವಳ ಬುಟ್ಟಿಯಲ್ಲಿ ಅದೇ ಬಿಸ್ಕತ್ತು ಎರಡು ಪೊಟ್ಟಣ ಇರುತ್ತದೆ, ಆದರೆ ಅವಳ ಮಕ್ಕಳು ಕಡ್ಡಿಗಳು. ಗಂಡನ ಆಸರೆಯಿಲ್ಲದೆ, ಮೀನಿನ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತ ನೀನು ಆ ಮಗುವನ್ನು ಹೇಗೆ ಬೆಳೆಸಿದೆ ಎಂದು ನನಗೆ ಗೊತ್ತು. ನೀನು ಒಳ್ಳೆಯ ತಾಯಿ. ಇದನ್ನು ಎರಡು ಸಲ ಓದು.

ಮನೆಗೆ ಬಂದ ಮೇಲೆ ಆಡಳಿತವೆಲ್ಲ ಸಾಲ್ಕಾಳದ್ದೇ ಆಯಿತು. ಮೊದಲ ದಿನ ಅವಳ ತಟ್ಟೆಗೆ ಮೀನಿನ ಜೊತೆ ಎಲೆಕೋಸು, ಕ್ಯಾರೆಟ್ ಹಾಕಿ, ನನ್ನದಕ್ಕೆ ಎಂದಿನಂತೆ ಆಲೂಗಡ್ಡೆ, ಬೆಣ್ಣೆ ಹಾಕಿಕೊಂಡೆ. ಅವಳು ಎರಡೂ ತಟ್ಟೆ ನೋಡಿದಳು. "ನಾನೊಬ್ಳೇ ರೋಗಿ ಥರ ತಿನ್ನಲ್ಲ ಅಜ್ಜಿ. ನಿನಗೂ ಹಾಕ್ಕೋ" ಎಂದು ಕಡ್ಡಿ ಮುರಿದಂತೆ ಹೇಳಿದಳು. ಹೀಗೆ ಈ ವಯಸ್ಸಿನಲ್ಲಿ ನಾನು ಎಲೆಕೋಸು ತಿನ್ನಲು ಕಲಿತೆ. ಈಗಲೂ ಇಷ್ಟವಾಗಿಲ್ಲ. ಶನಿವಾರದ ಮಿಠಾಯಿಯನ್ನು ನಾವು ಬಿಡಲಿಲ್ಲ, ಬಿಟ್ಟರೆ ಅದು ಶನಿವಾರವೇ ಅಲ್ಲ. ಆದರೆ ಅಂಗಡಿಯ ಡಬ್ಬಗಳಿಂದ ಗೋರಿ ಗೋರಿ ತುಂಬುವುದು ನಿಂತಿದೆ. ಚಿಕ್ಕ ಚೀಲ ಹಿಡಿದು, ಒಂದೊಂದನ್ನೂ ಮದುಮಗನನ್ನು ಆರಿಸುವವಳಂತೆ ಆರಿಸುತ್ತಾಳೆ. ನಾನು ಒಂದು ಭಾನುವಾರ ಸುಮ್ಮನಿರಲಾರದೆ ಹಿಟ್ಟಿಗೆ ಸಕ್ಕರೆ ಕಲಸಿ ಕ್ಲೇನೂರ್ ಕರಿದೆ. ಅವಳು ಒಂದು ತಿಂದು, ಉಳಿದದ್ದನ್ನು ಪಕ್ಕದ ಮನೆಗೆ ಕೊಟ್ಟು ಬಂದಳು, ನನ್ನನ್ನು ಕೇಳದೆ. ನಾನು ಇನ್ನೂ ರುಚಿಯೇ ನೋಡಿರಲಿಲ್ಲ.

ಈಜಿನ ಮಾತು ಬಂದರೆ ಮಾತ್ರ ಬಾಯಿ ಮುಚ್ಚುತ್ತಿದ್ದಳು. ಒಂದು ಶುಕ್ರವಾರ ತಾನಾಗಿಯೇ ಕೇಳಿದಳು: "ಅಜ್ಜಿ, ನಾಳೆ ಬೆಳಿಗ್ಗೆ ನೀನೂ ನಿನ್ ಗೆಳತೀರೂ ಕೊಳಕ್ಕೆ ಹೋಗ್ತೀರಲ್ಲ, ಆಗ ನಮ್ ಕ್ಲಾಸಿನೋರು ಯಾರಾದ್ರೂ ಬರ್ತಾರಾ?" ಯಾರೂ ಬರುವುದಿಲ್ಲ, ಬರೀ ಮುದುಕಿಯರು ಎಂದೆ. "ಹಾಗಾದ್ರೆ ಬರ್ತೀನಿ. ಕೀಲಿ ತಗೊಂಡು" ಎಂದಳು. ಬೆಳಿಗ್ಗೆ ಹೋದರೆ ಆ ಕೋಣೆಯೊಳಗೆ ಬಕೆಟ್ಟು, ಗುಡಿಸುವ ಯಂತ್ರ ಎಲ್ಲ ಇಟ್ಟು ನೆಲ ತೊಳೆಯುತ್ತಿದ್ದರು. ವಾಪಸ್ ಹೋಗೋಣವೇ ಎಂದೆ. ಅವಳು ಕೀಲಿಯನ್ನು ಜೇಬಿಗೆ ಹಾಕಿ, ನನ್ನ ಹಿಂದೆಯೇ ಹೆಂಗಸರ ಸ್ನಾನದ ಹಾಲ್‌ಗೆ ಬಂದಳು. ಈಜುಡುಗೆಯನ್ನು ಮನೆಯಿಂದಲೇ ಒಳಗೆ ತೊಟ್ಟು ಬಂದಿದ್ದಳು. ಅದನ್ನು ಬಿಚ್ಚದೆ ಹಾಗೇ ಶವರಿನ ಕೆಳಗೆ ನಿಂತಳು.

ನಮ್ಮ ರುನಾ ಬಿಡುತ್ತಾಳೆಯೇ? ಇಪ್ಪತ್ತು ವರ್ಷದಿಂದ ಆ ಸ್ನಾನದ ಹಾಲ್ ಕಾಯುವವಳು, ಮಂತ್ರಿ ಬಂದರೂ ಕಂಕುಳು ತೊಳೆದಿರಾ ಎಂದು ಕೇಳುವವಳು. "ಬಟ್ಟೆ ಮೇಲೆ ಸೋಪು ಹಾಕಿದ್ರೆ ಬಟ್ಟೆ ಶುದ್ಧ ಆಗುತ್ತೆ ಕಣೇ, ನೀನಲ್ಲ" ಎಂದು ಕೂಗಿದಳು. ಸಾಲ್ಕಾ ಗೋಡೆಗೆ ಅಂಟಿಕೊಂಡಳು. ನನಗೆ ರುನಾಳ ಬಾಯಿಗೆ ಸೋಪು ತುರುಕಬೇಕೆನಿಸಿತು. ಅಷ್ಟರಲ್ಲಿ ಪಕ್ಕದಿಂದ ಸ್ಟೇನ್ವರ್ ಅಜ್ಜಿ, ತೊಂಬತ್ತರ ಹತ್ತಿರದವರು, ನಮ್ಮೆಲ್ಲರಿಗಿಂತ ದಪ್ಪ, ಸ್ಪಂಜು ಚಾಚಿ, "ಮರೀ, ನನ್ ಕೈ ಬೆನ್ನಿಗೆ ಎಟುಕಲ್ಲ. ಸ್ವಲ್ಪ ಉಜ್ಜು" ಎಂದರು. ಸಾಲ್ಕಾ ಉಜ್ಜಿದಳು. ಆ ಬೆನ್ನು ಸಣ್ಣದಲ್ಲ, ಕೆಲಸ ಬೇಗ ಮುಗಿಯುವಂತಿರಲಿಲ್ಲ. ಉಜ್ಜುತ್ತ ಉಜ್ಜುತ್ತ ಅವಳ ಕಣ್ಣು ಸುತ್ತ ತಿರುಗಿತು. ಅಲ್ಲಿ ನನ್ನ ಜೋತ ಹೊಟ್ಟೆ, ಒಂದು ಸ್ತನ ತೆಗೆಸಿಕೊಂಡು ಹಾಡು ಗುನುಗುತ್ತ ತಲೆ ತೊಳೆಯುವ ನಮ್ಮ ಅಂಚೆಯ ಬೆರ್ಗ್‌ಲಿಂದ್, ಎಲುಬು ಎಣಿಸುವಂತಿರುವ ಅವಳ ತಂಗಿ. ಉಳಿದವರೆಲ್ಲ ಮೀನಿನ ಬೆಲೆ ಮಾತಾಡುತ್ತಿದ್ದೆವು.

"ನಿಮ್ ಹೊಟ್ಟೆ ಮೇಲೆ ಅದೇನು ಗೆರೆ?" ಎಂದು ಸಾಲ್ಕಾ ಕೇಳಿದಳು. "ಅದಾ? ನನ್ ದೊಡ್ಡ ಮಗ ಹೊರಗೆ ಬಂದ ಬಾಗ್ಲು" ಎಂದರು ಸ್ಟೇನ್ವರ್. "ಈಗ ತೆರಿಗೆ ಆಫೀಸಲ್ಲಿದಾನೆ. ಆ ಬಾಗ್ಲು ತೆಗೀಬಾರ್ದಿತ್ತು ಅಂತ ಊರೋರೆಲ್ಲ ಅಂತಾರೆ." ಸಾಲ್ಕಾ ಜೋರಾಗಿ ನಕ್ಕಳು. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳಿ. ಸೋಪಿನ ನೊರೆ ಅವಳ ಉಡುಗೆಯೊಳಗೆಲ್ಲ ಇಳಿದಿತ್ತು. "ಥೂ, ಇದು ಜಾರುತ್ತೆ" ಎಂದು ಕಳಚಿ ಕೊಕ್ಕೆಗೆ ಹಾಕಿ, ಮತ್ತೆ ಉಜ್ಜಲು ನಿಂತಳು. ಯಾರೂ ತಿರುಗಿ ನೋಡಲಿಲ್ಲ. ಮೀನಿನ ಬೆಲೆ ಅಷ್ಟು ಏರಿತ್ತು.

ನೀರಿಗಿಳಿದರೆ ಅವಳು ಬೇರೆಯೇ ಹುಡುಗಿ. ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವವಳು ಅಲ್ಲಿ ಸದ್ದಿಲ್ಲದೆ ಆ ತುದಿಗೆ ಹೋಗಿ ಬರುತ್ತಾಳೆ. "ಅಜ್ಜಿ, ನೀರಲ್ಲಿ ಮಂಡಿ ನನ್ನನ್ನ ಮರ್ತೇಬಿಡುತ್ತೆ" ಎಂದಳು. ಆಮೇಲೆ ಪ್ರತಿ ಶನಿವಾರವೂ ಬಂದಳು, ಬೆನ್ನು ಉಜ್ಜಿಸಿಕೊಳ್ಳುವವರ ಸಾಲು ಬೆಳೆಯಿತು. ಬಿಸಿನೀರಿನ ತೊಟ್ಟಿಯಲ್ಲಿ ಕೂತು ನಮ್ಮ ಹರಟೆ ಕೇಳಿ ಕೇಳಿ ಊರಿನ ಗುಟ್ಟೆಲ್ಲ ಈಗ ಅವಳ ನಾಲಿಗೆಯ ಮೇಲಿದೆ, ಅದೊಂದಕ್ಕೆ ನಿನ್ನ ಕ್ಷಮೆ ಇರಲಿ.

ಕೀಲಿ ವಾಪಸ್ ಕೊಟ್ಟದ್ದು ಮಾರ್ಚ್ ಕೊನೆಯ ಮಂಗಳವಾರ. ನಾನು ಅಲ್ಲಿರಲಿಲ್ಲ, ನನಗೆ ಹೇಳಿಯೂ ಇರಲಿಲ್ಲ. ರುನಾಳಿಂದ ಕೇಳಿದ್ದನ್ನು ಬರೆಯುತ್ತಿದ್ದೇನೆ. ಸಾಲ್ಕಾ ಬಂದು ಕೀಲಿಯನ್ನು ಅವಳ ಮುಂದಿಟ್ಟು "ಇದು ಯಾರಿಗಾದ್ರೂ ಬೇಕಾಗಬಹುದು. ನನಗೆ ಆ ರೂಮಲ್ಲಿ ಚಳಿ" ಎಂದಳಂತೆ. ರುನಾ, "ಅಮ್ಮನ್ನ ಕೇಳಿದ್ಯಾ?" ಎಂದಿದ್ದಕ್ಕೆ, "ಅಮ್ಮನಿಗೆ ನಾನೇ ಹೇಳ್ತೀನಿ. ಪರೀಕ್ಷೆ ಪಾಸಾದ್ಮೇಲೆ" ಎಂದಳಂತೆ. ನಾನು ಇಷ್ಟು ದಿನ ಫೋನಿನಲ್ಲಿ ತುಟಿ ಬಿಚ್ಚದಿದ್ದುದು ಅದಕ್ಕೇ.

ಒಳಗೆ ಹೋದರೆ ತರಗತಿಯ ಹುಡುಗಿಯರೆಲ್ಲ ಶವರಿನ ಕೆಳಗೆ. "ಓ, ರಾಣಿ ಬಂದ್ಳು. ಅರಮನೆ ಏನಾಯ್ತು?" ಎಂದಳಂತೆ ಈಸೋಲ್ದ್. ಸಾಲ್ಕಾ ಬಟ್ಟೆ ಬಿಚ್ಚುತ್ತ, "ಅರಮನೇಲಿ ಬೆನ್ನು ಉಜ್ಜೋರಿಲ್ಲ" ಎಂದಳಂತೆ. ಕೆಲವರು ನಕ್ಕರು. ಈಸೋಲ್ದ್ ಬಿಡಲಿಲ್ಲ: "ನಿನ್ ಹೊಟ್ಟೆ ಅಲ್ಲಾಡುತ್ತೆ." ರುನಾ ಏಳಬೇಕೆನ್ನುವಷ್ಟರಲ್ಲಿ ಸಾಲ್ಕಾ, "ಹೌದು. ಓಡಿದ್ರೆ ಇನ್ನೂ ಅಲ್ಲಾಡುತ್ತೆ" ಎಂದು ತಲೆಗೆ ಸೋಪು ಹಚ್ಚತೊಡಗಿದಳಂತೆ. ಈಸೋಲ್ದ್ ತಾನೇ ಎರಡೂ ಕೈಯಿಂದ ಎದೆ ಮುಚ್ಚಿಕೊಂಡು ನಿಂತಿದ್ದಳು, ಅವಳಿಗೆ ಮೈ ಬದಲಾಗತೊಡಗಿದೆ. ಸಾಲ್ಕಾ ಅದನ್ನು ನೋಡಿದಳು. ನೋಡಿ ಆಡಿಕೊಳ್ಳಬಹುದಿತ್ತು. ಮುಖ ಆಚೆ ತಿರುಗಿಸಿಕೊಂಡು ಸೋಪನ್ನು ಮಾತ್ರ ಅವಳ ಕಡೆ ಚಾಚಿದಳಂತೆ. ಇದನ್ನು ನಮ್ಮ ಬಾಯಿಬಡುಕಿ ರುನಾ ನನಗೆ ಎರಡು ಸಲ ಹೇಳಿದಳು.

ಅವಳನ್ನು ನಾನು ತಲೆಯ ಮೇಲೆ ಕೂರಿಸಿಕೊಂಡಿದ್ದೇನೆ ಎಂದುಕೊಳ್ಳಬೇಡ, ಆದದ್ದನ್ನೆಲ್ಲ ಹೇಳುತ್ತೇನೆ. ಆ ಮಂಗಳವಾರ ಮನೆಗೆ ಬಂದು ಅತ್ತಳು. ಬಾಗಿಲು ಹಾಕಿಕೊಂಡು, ಊಟಕ್ಕೂ ಬಾರದೆ ಅತ್ತಳು. ಮುಂದಿನ ಮಂಗಳವಾರ ಬೆಳಿಗ್ಗೆ ಹೊಟ್ಟೆನೋವು ಎಂದಳು. ನಾನು ಗಂಜಿ ಬಡಿಸಿ ಪಾತ್ರೆ ತೊಳೆಯಲು ಹೋದೆ. ತಿಂದಾದ ಮೇಲೆ ಅವಳೇ ಚೀಲ ಹೆಗಲಿಗೇರಿಸಿ ಹೊರಟಳು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಈ ಎರಡನೆಯ ಮಂಗಳವಾರವೇ. ನಾನು ದೊಡ್ಡ ಬಿರುಗಾಳಿಗಳನ್ನು ಕಂಡವಳು, ಸಮುದ್ರಕ್ಕೆ ಹೋದವರಿಗಾಗಿ ದಡದಲ್ಲಿ ಕಾದವಳು. ಆದರೂ ಹೇಳುತ್ತೇನೆ, ಈ ಮನೆಯಲ್ಲಿ ಅವಳಷ್ಟು ಧೈರ್ಯ ಯಾರಿಗೂ ಇಲ್ಲ.

ಹೋದ ವಾರ ಮತ್ತೆ ರಕ್ತ ಪರೀಕ್ಷೆ ಆಯಿತು. ಲಿವರಿನದ್ದು ಇಳಿದಿದೆ. ಸಕ್ಕರೆ ಅಲ್ಲೇ ನಿಂತಿದೆ, ಏರಿಲ್ಲ. ತೂಕ ಹೆಚ್ಚುಕಡಿಮೆ ಅಷ್ಟೇ, ಎತ್ತರ ಬೆಳೆದಿದ್ದಾಳೆ, ಪ್ಯಾಂಟಿನ ಅಂಚು ಬಿಚ್ಚಿ ಹೊಲಿದೆ. ಗೊರಕೆ ಇನ್ನೂ ಇದೆ. "ನಾನು ಪಾಸಾ?" ಎಂದು ಬಿರ್ಕಿರನನ್ನು ಕೇಳಿದಳು. "ದಾರೀಲಿದೀಯ. ದಾರಿ ಉದ್ದ ಇದೆ" ಎಂದ. "ಇರಲಿ, ನನ್ನನ್ನ ನಿಲ್ಲಿಸ್ಬೇಡಿ ಅಷ್ಟೆ" ಎಂದಳು. ಅವನಿಗೆ ಹೇಳಿದ ಮಾತು ನಮಗೂ ಸೇರಿದ್ದು ಎಂದೇ ನಾನು ಕೇಳಿಸಿಕೊಂಡೆ.

ಆದ್ದರಿಂದ ಮಗಳೇ, ಮುಖ್ಯಶಿಕ್ಷಕಿಗೆ ಇನ್ನೊಂದು ಸಾಲು ಬರೆ. ಅವಳು ಪರೀಕ್ಷೆಗೆ ಇಳಿಯಲಿ ಎಂದು. ಅವಳು ಪಾಸಾಗದೆಯೂ ಇರಬಹುದು, ಯಾರಾದರೂ ಮತ್ತೆ ನಗಬಹುದು. ಅದನ್ನು ತಡೆಯುವುದು ನಿನ್ನಿಂದಲೂ ಆಗದು, ನನ್ನಿಂದಲೂ ಆಗದು. ಅವಳಿಗೆ ತಡೆದುಕೊಳ್ಳಲು ಆಗುತ್ತದೆ, ನಾನು ನೋಡಿದ್ದೇನೆ. ನಾನು ಇದನ್ನೆಲ್ಲ ನಿನ್ನಿಂದ ಮುಚ್ಚಿಟ್ಟೆ ಎಂದು ಸಿಟ್ಟು ಬಂದರೆ ಹೊಟ್ಟೆಗೆ ಹಾಕಿಕೋ.

ಚೆನ್ನಾಗಿ ಓದು. ಎಂಜಿನಿನ ಎಣ್ಣೆ ಕೈಯಲ್ಲೇ ಊಟ ಮಾಡಬೇಡ. ಮೇ ಮೊದಲ ವಾರ ನೀನು ಬರುವ ವಿಮಾನಕ್ಕೆ ನಾವಿಬ್ಬರೂ ಬರುತ್ತೇವೆ.

ನಿನ್ನನ್ನು ಹೆತ್ತು ಬೆಳೆಸಿ, ಇನ್ನೂ ನಿನ್ನದೇ ಚಿಂತೆಯಲ್ಲಿರುವ
ಅಮ್ಮ, ಸೋಲ್ವೇಗ್

ತಾ.ಕ.: ಇದನ್ನು ಬರೆಯಬಾರದೆಂದೇ ಸಹಿ ಹಾಕಿದ್ದೆ. ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ಮೊನ್ನೆ ಕೊಳದಿಂದ ಬರುವಾಗ, ಈಸೋಲ್ದ್ ನಕ್ಕಿದ್ದಕ್ಕೇ ಅಲ್ಲವೇ ನಿನಗೆ ಅಷ್ಟು ನಾಚಿಕೆಯಾದದ್ದು ಎಂದು ಸಾಲ್ಕಾಳನ್ನು ಕೇಳಿದೆ. ಅವಳು ಅಲ್ಲವೆಂದು ತಲೆ ಅಲ್ಲಾಡಿಸಿದಳು. "ಅದಕ್ಕೂ ಮುಂಚೆ ಅಜ್ಜಿ. ಕೊಳಕ್ಕೆ ಬಂದು ಸ್ನಾನ ಮಾಡೋವಾಗೆಲ್ಲ ಅಮ್ಮ ನನ್ ಮುಂದೆ ದೊಡ್ಡ ಟವೆಲ್ ಅಡ್ಡ ಹಿಡ್ಕೊಂಡು ನಿಂತ್ಕೋತಿದ್ಳು. ಒಂದಿನ ಅಲ್ಲಿ ಯಾರೂ ಇರ್ಲಿಲ್ಲ. ನಾವಿಬ್ರೇ ಇದ್ವಿ. ಆದ್ರೂ ಹಿಡ್ಕೊಂಡೇ ಇದ್ಳು." ಅವಳ ದನಿಯಲ್ಲಿ ಕೋಪ ಇರಲಿಲ್ಲ, ಏದಿಸ್, ನನ್ನಾಣೆ. ಸ್ವಲ್ಪ ದೂರ ನಡೆದ ಮೇಲೆ, "ಅಷ್ಟೊತ್ತು ಹಿಡ್ಕೊಂಡು ಅಮ್ಮನ ಕೈ ಎಷ್ಟು ನೋಯ್ತಿತ್ತೋ ಏನೋ" ಎಂದಳು.